ಕೊಂಡವರಷ್ಟೇ ಅಲ್ಲ, ಮಾರಿದವರೂ ಇದ್ದಾರೆ

ನನ್ನ ಗಂಡ ದರ್ಜಿ. ಒಳ್ಳೆಯ ಕೈ. ಆದರೆ ಅಂದು ಬೆಳಿಗ್ಗೆಯಿಂದ ಆ ಕೈ ಕತ್ತರಿ ಹಿಡಿದದ್ದು ಕಡಿಮೆ, ಫೋನ್ ಹಿಡಿದದ್ದೇ ಹೆಚ್ಚು. ಕೂರುವುದು, ಏಳುವುದು, ಬಾಗಿಲವರೆಗೆ ಹೋಗಿ ಬರುವುದು. ನೋಡಿ ನೋಡಿ ನನಗೇ ತಲೆ ಸುತ್ತಿತು.

ಹೊಸ ಓವರ್‌ಲಾಕ್ ಮಷಿನ್‌ಗೆಂದು ಎರಡು ವರ್ಷ ಕೂಡಿಟ್ಟ ನಲವತ್ತು ಸಾವಿರ ನಮ್ಮಲ್ಲಿತ್ತು. ಹಳೆಯದು ಕೆಟ್ಟು ಕೂತಿತ್ತು. ಶಾಲೆಯ ಇನ್ನೂರು ಸಮವಸ್ತ್ರಗಳು ಅಂಚು ಹೊಲಿಯದೆ ಬಿದ್ದಿದ್ದವು. ಸಂಜೆಯೊಳಗೆ ದುಡ್ಡು ಕಟ್ಟದಿದ್ದರೆ ಮಷಿನ್ ಬೇರೆಯವರ ಪಾಲು. ಅದು ಹೋದರೆ ಶಾಲೆಯ ಆರ್ಡರೂ ಹೋದಂತೆಯೇ.

"ಏನ್ರೀ, ಮಷಿನ್ ಅಂಗಡಿಗೆ ಯಾವಾಗ ಹೋಗ್ತೀರಿ?"

"ತಡಿಯೇ ಸ್ವಲ್ಪ. ಇದೇ ದುಡ್ಡಲ್ಲಿ ಎರಡು ಮಷಿನ್ ತರ್ತೀನಿ."

ಬಗ್ಗಿ ನೋಡಿದರೆ ಫೋನಿನಲ್ಲಿ ಷೇರು ಪೇಟೆಯ ಆಟ. ತಕ್ಷಣ ತಂಗಿಗೆ ಫೋನ್ ಮಾಡಿದೆ. ಅವಳು ಷೇರು ದಲ್ಲಾಳಿ ಕಚೇರಿಯಲ್ಲಿ ಕೆಲಸ ಮಾಡುವವಳು. ರಜೆ ಹಾಕಿ ಓಡಿ ಬಂದಳು.

"ಏನ್ ಭಾವ, ಯಾವ ಖಜಾನೆ ಸಿಕ್ತು?"

"ನಗಬೇಡ. ಇಲ್ನೋಡು, ಈ ಆಪ್ಷನ್, ಗಡುವಿನೊಳಗೆ ಇಂತಿಷ್ಟು ಬೆಲೆಗೆ ಷೇರು ಕೊಳ್ಳೋ ಹಕ್ಕು. ಷೇರು ಏರಿದ್ರೆ ನಮಗೆ ಲಾಭ. ಓಪನ್ ಇಂಟರೆಸ್ಟ್ ಒಂದು ಲಕ್ಷ ಇಪ್ಪತ್ತು ಸಾವಿರ! ಇಷ್ಟು ಜನ ಮುಗಿಬಿದ್ದಿದ್ದಾರೆ ಅಂದ್ರೆ ಏರಲೇಬೇಕು. ನಾನು ಅಂಗಡಿ ನಡೆಸೋದೂ ಹೀಗೇ ಅಲ್ವಾ? ಒಂದು ಡಿಸೈನ್‌ಗೆ ನಾಲ್ಕು ಜನ ಬಂದ್ರೆ ಆ ಬಟ್ಟೆ ತಾನುಗಟ್ಟಲೆ ತಂದಿಡ್ತೀನಿ."

"ಅಲ್ಲೇ ಎಡವಿದ್ದು ನೀವು. ನಿಮ್ಮ ಆರ್ಡರ್ ಪುಸ್ತಕದಲ್ಲಿ ಹೊಲಿದು ಕೊಡದೆ ಎಷ್ಟು ಉಳಿದಿದೆ?"

"ಶಾಲೆಯದ್ದು ಬಿಟ್ಟು ನಲವತ್ತೇಳು. ಅದ್ಯಾಕೆ ಈಗ?"

"ಒಂದೊಂದಕ್ಕೂ ಹೊಲಿಸಿಕೊಳ್ಳೋರು ಒಬ್ರು, ಹೊಲಿದು ಕೊಡೋರು ಒಬ್ರು ಇದ್ದೀರಲ್ಲ? ಓಪನ್ ಇಂಟರೆಸ್ಟೂ ಅಷ್ಟೇ. ಇನ್ನೂ ಮುಗಿಯದೆ ಉಳಿದ ಒಪ್ಪಂದಗಳ ಲೆಕ್ಕ ಅದು, ಜನರ ಲೆಕ್ಕ ಅಲ್ಲ. ಕೊಂಡಿರೋದು ಲಕ್ಷ ಇಪ್ಪತ್ತು ಸಾವಿರ ಆದ್ರೆ, ಮಾರಿರೋದೂ ಅಷ್ಟೇ. ಮಾರಿದೋರೆಲ್ಲ ಪೆದ್ದರಾ ಭಾವ?"

"ಹಾಗಾದ್ರೆ ಈ ಸಂಖ್ಯೆ ಯಾತಕ್ಕೆ?"

"ಎಷ್ಟು ವ್ಯವಹಾರ ಬಾಕಿ ಇದೆ, ಅದು ಹೆಚ್ತಿದೆಯಾ, ಕಮ್ಮಿ ಆಗ್ತಿದೆಯಾ ಅಂತ ತಿಳಿಯೋಕೆ. ಬೆಲೆ ಯಾವ ಕಡೆ ಹೋಗುತ್ತೆ ಅಂತ ಅದೊಂದೇ ಹೇಳಲ್ಲ. ಗಡುವಿನೊಳಗೆ ಷೇರು ನೀವಂದುಕೊಂಡಷ್ಟು ಏರದಿದ್ರೆ ಕಟ್ಟಿದ ದುಡ್ಡು ಪೂರ್ತಿ ಸೊನ್ನೆ."

"ಹೋಗಮ್ಮ, ಹೆದರಿಸ್ಬೇಡ."

"ಸರಿ. ಒಂದು ಗಂಟೆ ಏನೂ ಒತ್ತದೆ ಸುಮ್ನೆ ನೋಡ್ತಾ ಕೂತ್ಕೊಳ್ಳಿ."

ಒಂದು ಗಂಟೆ! ಅದನ್ನು ಕಳೆದ ಪಾಡು ನನಗೇ ಗೊತ್ತು. ಓಪನ್ ಇಂಟರೆಸ್ಟ್ ಸಂಖ್ಯೆ ಏರುತ್ತಲೇ ಹೋಯಿತು. ಆಪ್ಷನ್ ಬೆಲೆ ಮಾತ್ರ ಇಳಿಯಿತು, ಏರಿತು, ಮತ್ತೆ ಇಳಿಯಿತು. ಇವರ ಕಾಲು ಮಷಿನ್ ಪೆಡಲ್ ಮೇಲೆ ಸುಮ್ಮಸುಮ್ಮನೆ ಕುಣಿಯುತ್ತಿತ್ತು. ಕೊನೆಗೆ ಬೆಲೆ ಒಮ್ಮೆಲೇ ಜಿಗಿಯಿತು.

"ನೋಡಿದ್ಯಾ? ನಾನ್ ಹೇಳ್ಲಿಲ್ವಾ?" ಎಂದು ಇವರು ಎದ್ದೇ ನಿಂತರು.

"ಏರ್ತು, ಒಪ್ಪಿದೆ. ಯಾಕೆ ಏರ್ತು ಹೇಳಿ ಭಾವ. ಬೆಲೆ ಇಳಿದಾಗಲೂ ಈ ಸಂಖ್ಯೆ ಏರ್ತಾನೇ ಇತ್ತಲ್ಲ?"

ಇವರು ಕೂತುಕೊಂಡರು. ಮತ್ತೊಮ್ಮೆ ಫೋನ್ ನೋಡಿದರು. ಆಮೇಲೆ ಮೆಲ್ಲಗೆ, "ಗೊತ್ತಿಲ್ಲ ಕಣಮ್ಮ" ಎಂದರು.

ಹದಿನೈದು ವರ್ಷದ ಸಂಸಾರದಲ್ಲಿ ಇವರ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ನನಗೆ ಅಳುವೂ ಬಂತು, ನಗುವೂ ಬಂತು. ಇವರೇ ಮಷಿನ್ ಅಂಗಡಿಗೆ ಫೋನ್ ಮಾಡಿ, "ಅರ್ಧ ಗಂಟೇಲಿ ಬರ್ತೀನಿ, ಯಾರಿಗೂ ಕೊಡ್ಬೇಡಿ" ಎಂದು ಚಪ್ಪಲಿ ಮೆಟ್ಟಿದರು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಫೋನಿನಲ್ಲಿ ದೊಡ್ಡ ಸಂಖ್ಯೆ ಕಂಡು ಬೆರಳು ತುರಿಸಿದರೆ ನಿಮ್ಮನ್ನೇ ಒಮ್ಮೆ ಕೇಳಿಕೊಳ್ಳಿ: ಕೊಂಡಷ್ಟೇ ಮಾರಿದ್ದೂ ಇದೆಯಲ್ಲ, ಮಾರಿದವರಿಗೆ ತಿಳಿದಿರುವುದು ನನಗೆ ತಿಳಿದಿದೆಯೇ? ಮನೆಯ ಕೆಲಸಕ್ಕೆಂದು ತೆಗೆದಿಟ್ಟ ದುಡ್ಡು ಆ ಕೆಲಸಕ್ಕೇ ಹೋಗಲಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ನನ್ನ ಗಂಡನೇ ಅಂದರು, ನಿಮಗೇನು ಕಷ್ಟ?