ಅತ್ತೆಯ ಹತ್ತು ಬೆರಳು

ಊರಿಗೆಲ್ಲ ವೀಸಾ ಮಾಡಿಸಿಕೊಡುವ ನನಗೆ, ಮನೆಯಲ್ಲಿರುವ ಅತ್ತೆಗೊಂದು ವೀಸಾ ಮಾಡಿಸುವಷ್ಟರಲ್ಲಿ ಸಾಕುಬೇಕಾಗಿ ಹೋಯಿತು.

ಬಂದರಿನ ರಸ್ತೆಯಲ್ಲಿ, ಮೊದಲ ಮಹಡಿಯ ಮೇಲೆ, ಗೊರಗುಟ್ಟುವ ಒಂದು ಪ್ರಿಂಟರು, ಎರಡು ಮೇಜು, ಕಾಲು ಸರಿಯಿಲ್ಲದ ಪ್ಲಾಸ್ಟಿಕ್ ಕುರ್ಚಿಗಳು. ಇದು ನಮ್ಮ ಟ್ರಾವೆಲ್ ಆಫೀಸು. ವಿಮಾನದ ಗಿರಾಕಿಗಳನ್ನು ಯಜಮಾನರು ನೋಡಿಕೊಳ್ಳುತ್ತಾರೆ, ಹಡಗಿನವರು ನನ್ನ ಪಾಲು. ವಿಮಾನದವರು ಫೋನಿನಲ್ಲೇ ಕೆಲಸ ಮುಗಿಸುತ್ತಾರೆ. ಹಡಗಿನವರು ಮೂಟೆ, ಮಕ್ಕಳು, ಕೆಮ್ಮು ಎಲ್ಲವನ್ನೂ ಕಟ್ಟಿಕೊಂಡು ಮೆಟ್ಟಿಲು ಹತ್ತುತ್ತಾರೆ, ಫೋಟೊ ಒಂದನ್ನು ಬಿಟ್ಟು. ಸಂಜೆಯಾಗುವಷ್ಟರಲ್ಲಿ ಒಂದೇ ಮಾತನ್ನು ಎಷ್ಟು ಸಲ ಹೇಳಿರುತ್ತೇನೆಂದರೆ, ಮನೆಯಲ್ಲಿ ಹೆಂಡತಿ "ಊಟ ಹಾಕ್ಲಾ?" ಅಂದರೂ "ಎರಡು ಜೆರಾಕ್ಸ್ ತನ್ನಿ" ಅಂದುಬಿಡುತ್ತೇನೆ.

ಅತ್ತೆಗೆ, ಅಂದರೆ ಹೆಂಡತಿಯ ಅವ್ವನಿಗೆ, ಒಬ್ಬರೇ ತಂಗಿ. ನಾನು ಚಿಕ್ಕತ್ತೆ ಅನ್ನುತ್ತೇನೆ. ಅವರಿರುವುದು ಸಮುದ್ರದಾಚೆಯ ದ್ವೀಪದಲ್ಲಿ, ಅದು ಬೇರೆ ದೇಶ. ವಿಮಾನ ಇಳಿಯುವಷ್ಟು ದೊಡ್ಡ ಜಾಗವಲ್ಲ, ಹಡಗೇ ಗತಿ. ಹುಡುಗಿಯರಾಗಿದ್ದಾಗ ಇಬ್ಬರೂ ಒಂದೇ ಲಾಂಡ್ರಿಯಲ್ಲಿ ಹೋಟೆಲುಗಳ ಬೆಡ್‌ಶೀಟು ಒಗೆಯುತ್ತಿದ್ದವರು. ಮದುವೆಯಾಗಿ ತಂಗಿ ದ್ವೀಪಕ್ಕೆ ಹೋದರು, ಅಕ್ಕ ಅದೇ ಲಾಂಡ್ರಿಯಲ್ಲಿ ಉಳಿದು, ಮೈಯಲ್ಲಿ ಶಕ್ತಿ ಇರುವ ತನಕ ಒಗೆದರು. "ಮುಂದಿನ ವರ್ಷ ಬರ್ತೀನಿ ಕಣೇ" ಅಂತ ಫೋನಿನಲ್ಲಿ ಹೇಳುವುದೇ ಆಯಿತು. ಒಂದು ವರ್ಷ ಮಾವನ ಕಾಯಿಲೆ, ಒಂದು ವರ್ಷ ಮಗಳ ಬಾಣಂತನ, ಇನ್ನೊಂದು ವರ್ಷ ಸುಮ್ಮನೆ ಸೋಮಾರಿತನ. ಹೋಗಲೇ ಇಲ್ಲ.

ಈ ಸಲ ಫೋನು ಮಾಡಿದ್ದು ಚಿಕ್ಕತ್ತೆಯ ಮಗ. ಚಿಕ್ಕತ್ತೆಗೆ ಕಾಯಿಲೆ ಜೋರಾಗಿ ಡಾಕ್ಟರು ಕೈ ಚೆಲ್ಲಿದ್ದಾರಂತೆ. "ಅಮ್ಮ ಒಂದೇ ಸಮನೆ ದೊಡ್ಡಮ್ಮನ್ನ ಕೇಳ್ತಿದ್ದಾರೆ. ಹೇಗಾದ್ರೂ ಕಳಿಸಿಕೊಡಿ" ಅಂದ. ಸಮುದ್ರ ಕೆರಳುವ ಕಾಲ ಹತ್ತಿರ ಬಂದಿತ್ತು. ಕೆರಳಿತೆಂದರೆ ಹಡಗು ನಿಂತುಹೋಗುತ್ತದೆ, ಮತ್ತೆ ಶುರುವಾಗಲು ತಿಂಗಳುಗಳು ಬೇಕು. ಡಾಕ್ಟರು ಅಷ್ಟು ತಿಂಗಳು ಕೊಟ್ಟಿರಲಿಲ್ಲ. ಕೊನೆಯ ಹಡಗು ಹೊರಡುವುದರೊಳಗೆ ಅತ್ತೆಯ ಪಾಸ್‌ಪೋರ್ಟಿನಲ್ಲಿ ವೀಸಾ ಇರಬೇಕು. ಇಲ್ಲವಾದರೆ ಅಕ್ಕತಂಗಿ ಮತ್ತೆ ಮುಖ ನೋಡುವುದಿಲ್ಲ.

"ಅದೇನು ದೊಡ್ಡ ವಿಷಯ, ಅಪ್ಪ ಇಲ್ವಾ" ಅಂತ ಮಕ್ಕಳ ಮುಂದೆ ನನ್ನ ಹೆಂಡತಿ ಹೆಮ್ಮೆಯಿಂದ ಹೇಳಿದಳು. ನಾನೂ ಉಬ್ಬಿದೆ.

ವೀಸಾ ಕೇಂದ್ರದಲ್ಲಿ ಬೆರಳಚ್ಚು ತೆಗೆಯುವ ಹುಡುಗಿಯೊಬ್ಬಳಿದ್ದಾಳೆ. ನಾವು ಅವಳನ್ನು "ಮುಂದಿನವರು" ಅಂತಲೇ ಕರೆಯುವುದು, ಅವಳ ಬಾಯಲ್ಲಿ ಬೇರೆ ಮಾತು ಕೇಳಿದವರಿಲ್ಲ. ಅತ್ತೆ ಗಾಜಿನ ಮೇಲೆ ಕೈ ಇಟ್ಟರು. ಕೆಂಪು ದೀಪ. ಒರೆಸಿ ಇಟ್ಟರು. ಕೆಂಪು ದೀಪ. ಮುಂದಿನವರು ಎದ್ದು ಬಂದು ತಾನೇ ಒಂದೊಂದು ಬೆರಳನ್ನೂ ಹಿಡಿದು ಒತ್ತಿದಳು. ಪರದೆಯ ಮೇಲೆ ಹತ್ತು ಬಿಳಿ ಮಚ್ಚೆಗಳು ಮೂಡಿದವು. ಒಂದರಲ್ಲೂ ಒಂದು ಗೆರೆ ಇಲ್ಲ.

"ಅಜ್ಜಿ, ನಿಮಗೆ ಬೆರಳಚ್ಚೇ ಇಲ್ವಲ್ಲ!"

"ಇತ್ತಮ್ಮ, ಬೆಡ್‌ಶೀಟಿಗೆ ಹೋಯ್ತು" ಅಂದರು ಅತ್ತೆ.

ನನಗೆ ತಲೆ ಎತ್ತಲಾಗಲಿಲ್ಲ. ಗಾರೆ ಕೆಲಸದವರು, ಪಾತ್ರೆ ತೊಳೆಯುವವರು ಬಂದರೆ ನಾನೇ ಮೊದಲು ಕೈ ತಿರುಗಿಸಿ ನೋಡುತ್ತೇನೆ. ಕೆಲವು ದಿನ ಸೋಪು ಮುಟ್ಟಬೇಡಿ, ವ್ಯಾಸಲಿನ್ ಹಚ್ಚಿ, ಗೆರೆ ಮೇಲೆ ಬರುತ್ತೆ ಅಂತ ಹೇಳಿ ಕಳಿಸುತ್ತೇನೆ. ದಿನಾ ನನ್ನ ಅಂಗಿ ಒಗೆಯುವ ಕೈಯನ್ನು ಮಾತ್ರ ಒಂದು ದಿನವೂ ನೋಡಿರಲಿಲ್ಲ. ಮೂರು ಸರದಿಯಲ್ಲೂ ಅಚ್ಚು ಬರದಿದ್ದರೆ ಅರ್ಜಿ ರಾಜಧಾನಿಯ ದೊಡ್ಡ ಕಚೇರಿಗೆ ಹೋಗುತ್ತದೆ. ಅಲ್ಲಿಗೆ ಹೋದ ಅರ್ಜಿ ಯಾವಾಗ ಬರುತ್ತದೆಂದು ದೇವರಿಗೂ ಗೊತ್ತಿಲ್ಲ.

ಅವತ್ತಿನಿಂದ ಅತ್ತೆಗೆ ನೀರು ನಿಷೇಧ. ಬಿಳಿ ಹತ್ತಿಯ ಕೈಗವಸು ತೊಡಿಸಿ ಕುರ್ಚಿಯಲ್ಲಿ ಕೂರಿಸಿದೆವು. ಪಾತ್ರೆ ಹೆಂಡತಿಗೆ, ಬಟ್ಟೆ ನನಗೆ. ವಾಷಿಂಗ್ ಮೆಷಿನ್ ತರೋಣವೆಂದು ಹಿಂದೆ ಎಷ್ಟೋ ಸಲ ಹೇಳಿದ್ದೆ. ಯಂತ್ರ ಒಗೆದ ಬಟ್ಟೆ ನಾನು ಉಡೋಲ್ಲ ಅಂತ ಅತ್ತೆ ಅಡ್ಡಗಾಲು ಹಾಕಿದ್ದರು. ಈಗ ಆಫೀಸಿನಿಂದ ಸೋತು ಬಂದು ಬಚ್ಚಲಲ್ಲಿ ಕೂತು ಅಂಗಿ ಉಜ್ಜುತ್ತಿದ್ದರೆ, ಅತ್ತೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಮೇಸ್ತ್ರಿಯಂತೆ ಕೂರುತ್ತಿದ್ದರು.

"ಕಾಲರ್ ಉಜ್ಜಿದ್ರಾ?"

"ಉಜ್ಜಿದೆ ಅತ್ತೆ."

"ಎಲ್ಲಿ ಉಜ್ಜಿದ್ರಿ? ಹಾಗೆ ಮುಳುಗಿಸಿ ತೆಗೆದ್ರೆ ಅಂಗಿಗೆ ಸ್ನಾನ ಆಗುತ್ತೆ ಅಷ್ಟೇ, ಕೊಳೆ ಹೋಗಲ್ಲ."

"ಅತ್ತೆ, ನಿಮಗೋಸ್ಕರ ಒಗೀತಿದ್ದೀನಿ, ನೆನಪಿರ್ಲಿ."

"ಒಗೀರಿ. ಬೇಡ ಅಂದೋರ್ಯಾರು? ನೆಟ್ಟಗೆ ಒಗೀರಿ."

ಸಂಜೆ ಸಂಜೆ ಭೂತಗನ್ನಡಿ ಹಿಡಿದು ಅವರ ಬೆರಳು ನೋಡುವುದು ನನಗೊಂದು ಚಟವೇ ಆಯಿತು. ಮೊದಮೊದಲು ಏನೂ ಇಲ್ಲ. ಆಮೇಲೆ ಒಂದು ದಿನ ಹೆಬ್ಬೆರಳಿನಲ್ಲಿ, ಹೊಸದಾಗಿ ಬಾಚಿದ ಕೂದಲಿನಂತೆ, ಸಣ್ಣ ಸಣ್ಣ ಗೆರೆಗಳು ಕಂಡವು. ಹೆಂಡತಿಯನ್ನು ಕೂಗಿ ಕರೆದೆ. ಮಕ್ಕಳು ಓಡಿ ಬಂದರು. ಮನೆಯಲ್ಲಿ ಕೂಸು ಮೊದಲ ಹೆಜ್ಜೆ ಇಟ್ಟಷ್ಟು ಸಂಭ್ರಮ. ಅತ್ತೆ ಮಾತ್ರ ಬೆರಳನ್ನು ಬೇರೆ ಯಾರದ್ದೋ ಎಂಬಂತೆ ನೋಡಿಕೊಂಡು ಗವಸಿನೊಳಗೆ ತೂರಿಸಿದರು.

ಎರಡನೆಯ ಸಲ ಹೋದಾಗ ನಾನು ಎದೆಯುಬ್ಬಿಸಿಕೊಂಡೇ ಹೋದೆ. ಕೆಂಪು ದೀಪ. ಮತ್ತೆ ಅದೇ ಬಿಳಿ ಮಚ್ಚೆಗಳು. ಎರಡು ದಿನದ ಹಿಂದೆ ಕೊನೆಯ ಸಲ ನೋಡಿದಾಗ ಇದ್ದ ಗೆರೆ ಎಲ್ಲಿ ಹೋಯಿತು? ಮುಂದಿನವರು ಪಾಪ ಅನ್ನುವಂತೆ ನನ್ನ ಮುಖ ನೋಡಿದಳು. ಇನ್ನೊಂದು ವಾರ ಬಿಟ್ಟು ಕೊನೆಯ ಸರದಿ ಬರೆದುಕೊಟ್ಟು, ಎಂದಿನ ಮಾತನ್ನು ಹೇಳಿದಳು.

ಮಾರನೆಯ ದಿನ ಯಾರದ್ದೋ ಪಾಸ್‌ಪೋರ್ಟು ಮನೆಯಲ್ಲಿ ಬಿಟ್ಟುಬಂದಿದ್ದೆನೆಂದು ಮಧ್ಯಾಹ್ನ ವಾಪಸು ಹೋದೆ. ಬಚ್ಚಲಲ್ಲಿ ನೀರಿನ ಸದ್ದು. ಅತ್ತೆ ಬರಿಗೈಯಲ್ಲಿ ಕೂತು ಬೆಡ್‌ಶೀಟು ತಿಕ್ಕುತ್ತಿದ್ದರು. ಪಕ್ಕದಲ್ಲಿ ಬ್ಲೀಚಿಂಗ್ ಪೌಡರಿನ ಡಬ್ಬ. ಹಿಂದಿನ ದಿನವಷ್ಟೇ ನಾನು ಸೊಂಟ ಮುರಿದುಕೊಂಡು ಒಗೆದು, ಮಡಿಸಿಟ್ಟಿದ್ದ ಬೆಡ್‌ಶೀಟು ಅದು.

ನನಗೆ ಸಿಟ್ಟು ನೆತ್ತಿಗೇರಿತು. "ಅತ್ತೆ! ನಿಮಗೆ ಬುದ್ಧಿ ಇದೆಯಾ? ಅಲ್ಲಿ ತಂಗಿ ಜೀವ ಹಿಡ್ಕೊಂಡು ಕಾಯ್ತಿದ್ದಾರೆ. ಇಲ್ಲಿ ನಿಮಗೆ ನಾಲ್ಕು ದಿನ ಕೈ ಕಟ್ಟಿ ಕೂರೋಕಾಗಲ್ವಾ? ನಾವೆಲ್ಲ ಏನು ಕೆಲಸ ಇಲ್ದೆ ಕುಣೀತಿದ್ದೀವಾ?"

ಅತ್ತೆಗೆ ನಾನು ದನಿ ಏರಿಸಿ ಮಾತಾಡಿದ್ದು ಅದೇ ಮೊದಲು. ಅವರು ಬೆಚ್ಚಲಿಲ್ಲ. ನಲ್ಲಿ ನಿಲ್ಲಿಸಿದರು.

"ಅಭ್ಯಾಸ ಬಲದಿಂದ ಒಗೀತಿಲ್ಲ ಅಳಿಯಂದ್ರೇ. ಬೇಕಂತಲೇ ಒಗೀತಿದ್ದೀನಿ."

ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ.

"ಅವಳು ನನಗೋಸ್ಕರ ಕಾಯ್ತಿದ್ದಾಳೆ ಅಲ್ವಾ? ಚಿಕ್ಕಂದಿನಿಂದ ಹಾಗೇ. ನಾನು ಬರೋ ತನಕ ತಟ್ಟೆ ಮುಂದೆ ಕೂರೋಳು, ತುತ್ತು ಎತ್ತೋಳಲ್ಲ. ಅವಳ ಹಠ ನನಗೆ ಗೊತ್ತು. ನಾನು ಬರ್ತೀನಿ ಅಂತ ಕಾಯೋ ತನಕ ಅವಳು ಇರ್ತಾಳೆ. ನಾನು ಹೋಗಿ ಎದುರಿಗೆ ನಿಂತೆ ಅಂದ್ಕೊಳ್ಳಿ, ಆಮೇಲೆ ಅವಳು ಯಾಕಿರ್ತಾಳೆ?" ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡರು. "ವೀಸಾ ಸಿಗಲಿಲ್ಲ, ಹಡಗು ಮತ್ತೆ ಶುರುವಾದ ತಕ್ಷಣ ಬರ್ತಾಳೆ ಅಂತ ಒಂದು ಫೋನ್ ಮಾಡಿ ಹೇಳಿಬಿಡಿ. ನಾನು ಹೇಳಿದ್ರೆ ಅವಳಿಗೆ ನನ್ನ ದನಿಯಲ್ಲೇ ಗೊತ್ತಾಗಿಬಿಡುತ್ತೆ."

ಸಿಟ್ಟು ಇಳಿದು ಬರೀ ಸುಸ್ತು ಉಳಿಯಿತು. ಇಷ್ಟು ದಿನ ಈ ಮುದುಕಿಯ ಬೆರಳು ನೋಡಿದೆನೇ ಹೊರತು ಮುಖ ನೋಡಲಿಲ್ಲ. ಪಾಸ್‌ಪೋರ್ಟು ಜೇಬಿಗೆ ಹಾಕಿಕೊಂಡು ಆಫೀಸಿಗೆ ನಡೆದೆ. ಹೆಂಡತಿಗೆ ಹೇಳಲಿಲ್ಲ.

ಸುಳ್ಳು ಹೇಳುವುದು ನನಗೇನು ಹೊಸದಲ್ಲ. "ನಾಳೆ ಬಂದುಬಿಡುತ್ತೆ", "ಮೇಲಿನವರ ಟೇಬಲ್ ಮೇಲಿದೆ" ಅಂತ ದಿನವಿಡೀ ಹೇಳುವ ಬಾಯಿ. ಗಿರಾಕಿಗಳು ಖಾಲಿಯಾದ ಮೇಲೆ ದ್ವೀಪಕ್ಕೆ ಫೋನು ಮಾಡಿದೆ. ಮಗ ಫೋನನ್ನು ಚಿಕ್ಕತ್ತೆಯ ಕಿವಿಗೆ ಹಿಡಿದ.

"ಚಿಕ್ಕತ್ತೆ, ವೀಸಾ ಸ್ವಲ್ಪ ತೊಡಕಾಗಿದೆ. ಅತ್ತೆ ಬಂದೇ ಬರ್ತಾರೆ. ಹಡಗು ಮತ್ತೆ ಶುರುವಾದ ತಕ್ಷಣ ಮೊದಲನೆಯದರಲ್ಲೇ ಹತ್ತಿಸ್ತೀನಿ."

ಆ ಕಡೆ ಕಷ್ಟಪಟ್ಟು ಉಸಿರೆಳೆಯುವ ಸದ್ದು.

"ಮತ್ತೆ ಶುರುವಾಗೋ ತನಕವಾ?" ಅಂದರು ಚಿಕ್ಕತ್ತೆ. ತೀರಾ ಸಣ್ಣ ದನಿ. "ಅಷ್ಟು ದಿನ ನನ್ನ ಕೈಲಾಗಲ್ಲಪ್ಪ. ಅಕ್ಕ ಬರ್ತಾಳೆ ಅಂತ ದಿನಾ ಬೆಳಿಗ್ಗೆ ಕಣ್ಣು ಬಿಡ್ತೀನಿ. ಅವಳು ಬಂದಾಗ ಎಚ್ಚರ ಇರ್ಬೇಕು ಅಂತ ನೋವಿನ ಇಂಜೆಕ್ಷನ್ನೂ ಬೇಡ ಅಂತೀನಿ. ಸಾಕಾಗಿದೆ ಅಳಿಯಂದ್ರೇ. ಬರೋದಾದ್ರೆ ಈಗ ಬರಲಿ. ಬರಲ್ಲ ಅಂದ್ರೆ ಅದನ್ನಾದ್ರೂ ಬಾಯಿಬಿಟ್ಟು ಹೇಳಿ. ಮಲಗಿಬಿಡ್ತೀನಿ."

ಆ ಮಾತು ಹೊತ್ತು ನೇರ ಮನೆಗೆ ಹೋದೆ. ಅತ್ತೆ ಕುರ್ಚಿಯಲ್ಲಿದ್ದರು. ಕೇಳಿದ್ದನ್ನು ಕೇಳಿದ ಹಾಗೇ ಹೇಳಿದೆ, ಒಂದು ಮಾತೂ ಬಿಡಲಿಲ್ಲ. ಇಂಜೆಕ್ಷನ್ ಬೇಡ ಅಂದದ್ದನ್ನು ಹೇಳುವಾಗ ಅವರು ಕಣ್ಣು ಮುಚ್ಚಿದರು. ಆಮೇಲೆ ಎರಡೂ ಕೈಗಳನ್ನು ನನ್ನ ಮುಂದೆ ಚಾಚಿದರು.

"ಆ ಗವಸು ಹಾಕಿ" ಅಂದರು. "ಬಿಗಿಯಾಗಿ ಕಟ್ಟಿಬಿಡಿ, ನನಗೇ ಬಿಚ್ಚೋಕೆ ಬರಬಾರದು."

ಆ ವಾರ ಹೆಂಡತಿಯೇ ಅವರಿಗೆ ತುತ್ತಿಟ್ಟಳು. ಅವ್ವನಿಗೆ ಇದ್ದಕ್ಕಿದ್ದಂತೆ ಇಷ್ಟು ಶಿಸ್ತು ಹೇಗೆ ಬಂತು ಅಂತ ಅವಳಿಗೆ ಬೆರಗು. ಕೊನೆಯ ಸರದಿಯ ದಿನ ಬಲಗೈಯ ಬೆರಳು ಬಂದವು. ಎಡಗೈಯಲ್ಲಿ ಎರಡು ಬರಲಿಲ್ಲ. ಮುಂದಿನವರು ನಮ್ಮಿಬ್ಬರ ಮುಖ ನೋಡಿದಳು, ಒಳಗೆ ಹೋಗಿ ಅಧಿಕಾರಿಯ ಹತ್ತಿರ ಏನೋ ಮಾತಾಡಿ ಬಂದಳು, "ಇಷ್ಟು ಸಾಕಂತೆ" ಅಂದಳು. ಹಿಂದೆ ಸಾಲಿತ್ತು. ಆದರೂ ತನ್ನ ಎಂದಿನ ಮಾತನ್ನು ಅವಳು ಕೂಡಲೇ ಕೂಗಲಿಲ್ಲ. ಅತ್ತೆ ಎದ್ದು, ಚೀಲ ಹುಡುಕಿ, ಹೊರಗೆ ಬರುವ ತನಕ ಕಾದಳು.

ಕೊನೆಯ ಹಡಗಿಗೆ ಅತ್ತೆಯನ್ನು ಹತ್ತಿಸಿದೆವು. ಹೋದರೆ ಸಮುದ್ರ ಶಾಂತವಾಗುವ ತನಕ ವಾಪಸಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ವೀಸಾ ಅಷ್ಟು ದಿನಕ್ಕೆ ಆಗುವಂತೆ ನೋಡಿಕೊಂಡಿದ್ದೆ. ಹೆಂಡತಿ ಅತ್ತಳು. ಅತ್ತೆ ಅಳಲಿಲ್ಲ, ಹಡಗಿಗೆ ಹಾಕಿದ ಹಲಗೆ ಏರುವಾಗ ಒಂದು ಸಲವೂ ತಿರುಗಿ ನೋಡಲಿಲ್ಲ.

ತಲುಪಿದ ಸಂಜೆ ಚಿಕ್ಕತ್ತೆಯ ಮಗನ ಫೋನು ಬಂತು. ಚಿಕ್ಕತ್ತೆ ನಕ್ಕರಂತೆ, ಅಕ್ಕನ ಕೈಯಿಂದ ಎರಡು ಚಮಚ ಗಂಜಿ ಕುಡಿದರಂತೆ, ಇಂಜೆಕ್ಷನ್ ಹಾಕಿಸಿಕೊಂಡರಂತೆ. ಮರುದಿನ ಮಧ್ಯಾಹ್ನ ನಾನು ಆಫೀಸಿನಲ್ಲಿ ಯಾರದ್ದೋ ಫೋಟೊ ಅಂಟಿಸುತ್ತಿದ್ದಾಗ ಮತ್ತೆ ಫೋನು. ಅತ್ತೆಯೇ.

"ಹೋದಳು ಅಳಿಯಂದ್ರೇ. ನಿದ್ದೆಯಲ್ಲೇ."

ಕೈಯಲ್ಲಿದ್ದ ಫೋಟೊವನ್ನು ಮೇಜಿನ ಮೇಲಿಟ್ಟೆ.

"ನಾನು ಹೇಳಿರ್ಲಿಲ್ವಾ?"

"ಹೇಳಿದ್ರಿ ಅತ್ತೆ."

ಇನ್ನೇನು ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಎದುರಿನ ಗಿರಾಕಿ ತನ್ನ ಕಾಗದ ಮುಂದೆ ತಳ್ಳಿದ. ಕೈಯಲ್ಲೇ ತಡೆದೆ.

"ಹೇಳಿದ್ದೆ. ಸರಿಯಾಗೇ ಹೇಳಿದ್ದೆ" ಅಂದರು ಅತ್ತೆ. ಆ ಮೇಲೆ ಅವರ ದನಿ ಒಡೆಯಿತು. "ಆದ್ರೂ ಅವಳನ್ನ ಇಷ್ಟು ದಿನ ಕಾಯಿಸಬಾರದಿತ್ತು ನಾನು."