ಆಣೆಯ ದಾರ

ಗಂಗಲಕ್ಷ್ಮಿಗೆ ಗಂಡನಿಗಿಂತ ಭಾವ ಕ್ಯಾತಪ್ಪನ ಮೇಲೆಯೇ ಸಿಟ್ಟು ಜಾಸ್ತಿ. ಗಂಡ ಚಂದ್ರಣ್ಣ ಕುಡಿಯುತ್ತಿದ್ದ, ನಿಜ. ಅದೊಂದು ಕಾಯಿಲೆ ಎಂದು ಚಳ್ಳಕೆರೆಯ ಡಾಕ್ಟ್ರಮ್ಮ ಬಿಡಿಸಿ ಹೇಳಿದ್ದರು. ಆದರೆ ಕುಡಿಯದೆಯೇ ಬುದ್ಧಿ ಕೆಟ್ಟವರಿಗೆ ಯಾವ ಆಸ್ಪತ್ರೆ?

ವಾರ್ಡಿನಲ್ಲಿ ಮಲಗಿಸಿ, ಕೈನಡುಕ ಇಳಿಸಿ, ಮನೆಗೆ ಕಳಿಸುವಾಗ ಡಾಕ್ಟ್ರಮ್ಮ ಹೇಳಿದ್ದು ಇಷ್ಟು: "ಮಾತ್ರೆ ಬಿಡಿಸಬೇಡಿ. ಅಕಸ್ಮಾತ್ ಕುಡಿದ್ರೆ ಬೈಬೇಡಿ, ಮುಚ್ಚಿಡಬೇಡಿ, ಕೂಡ್ಲೇ ಕರ್ಕೊಂಡು ಬನ್ನಿ."

ತಮ್ಮೂರು ಕೊಂಡ್ಲಹಳ್ಳಿಗೆ ಬಂದು ಇಳಿದರೆ ಕ್ಯಾತಪ್ಪ ತಮ್ಮನನ್ನು ನೆಟ್ಟಗೆ ಮಾರಮ್ಮನ ಗುಡಿಗೆ ಕರೆದೊಯ್ದು, ಇನ್ನು ಕುಡಿಯುವುದಿಲ್ಲವೆಂದು ಆಣೆ ಹಾಕಿಸಿ, ಮುಂಗೈಗೆ ಅರಿಶಿನದ ದಾರ ಕಟ್ಟಿಸಿದ. ಗಂಗಲಕ್ಷ್ಮಿಯೂ ಕೈಮುಗಿದಳು. ಊಟವಾದ ಮೇಲೆ ಅವಳು ಮಾತ್ರೆ ತಂದಾಗ ಶುರುವಾಯಿತು ತಕರಾರು.

"ನೋಡಮ್ಮ, ಆಣೆ ಮಾಡಿ ಆಮ್ಯಾಲೆ ಮಾತ್ರೆ ನುಂಗಿದ್ರೆ ಏನರ್ಥ? ಅವ್ವ ಮಾರಮ್ಮನ ಮ್ಯಾಲೆ ನಂಬ್ಕೆ ಇಲ್ಲ ಅಂತ ತಾನೆ?"

"ನಿಮ್ಗೂ ಸಕ್ಕರೆ ಕಾಯ್ಲೆ ಐತೆ, ಭಾವ. ಅವ್ವಗೆ ಕೈಮುಗಿದು ಬಂದು ನೀವು ಮಾತ್ರೆ ನುಂಗಲ್ವಾ?"

"ಅದು ಕಾಯ್ಲೆ. ಇದು ಚಟ!"

ಗೋಡೆಗೆ ಹೇಳಿದ್ದರೆ ಅದು ಎದುರುತ್ತರವನ್ನಾದರೂ ಕೊಡುತ್ತಿರಲಿಲ್ಲ. ಚಂದ್ರಣ್ಣ ಅಣ್ಣನ ಮುಖ ನೋಡಿದ, ಮುಂಗೈ ನೋಡಿಕೊಂಡ, ಮಾತ್ರೆ ಬೇಡವೆಂದ. ಹೆದರಿಕೆ ಕೆಲವು ವಾರ ಅವನನ್ನು ಕಾಯಿತು. ಕ್ಯಾತಪ್ಪ ಊರೆಲ್ಲ ಮೀಸೆ ತಿರುವಿಕೊಂಡು ಓಡಾಡಿದ.

ಆಮೇಲೊಂದು ದಿನ ಮೊಳಕಾಲ್ಮೂರಿಗೆ ಕುರಿ ಮಾರಲು ಹೋದ ಚಂದ್ರಣ್ಣ ಜೊತೆಯವರ ಬಲವಂತಕ್ಕೆ ಒಂದು ಗುಟುಕು ಕುಡಿದ. ಅಂದೇ ಚಳ್ಳಕೆರೆ ಬಸ್ಸು ಹತ್ತಿಸಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಆಣೆ ಮುರಿದವನು ಯಾವ ಮುಖ ಹೊತ್ತು ಮನೆಗೆ ಬಂದಾನು? ಕುಡಿಯುತ್ತಲೇ ಉಳಿದ. ಗಂಗಲಕ್ಷ್ಮಿ ಹುಡುಕಿ ಹುಡುಕಿ ಕೊನೆಗೆ ಅವನು ಸಿಕ್ಕಿದ್ದು ಊರಾಚೆ ಕುರಿ ಕೂಡುವ ರೊಪ್ಪದಲ್ಲಿ.

"ಅವ್ವ ನನ್ನ ಕೈಬಿಟ್ಲು ಕಣೇ," ಎಂದು ಅತ್ತ. "ಮುಳುಗಿದೋನಿಗೆ ಚಳಿಯೇನು, ಮಳೆಯೇನು. ಕುಡ್ದೇ ಸಾಯ್ತೀನಿ, ಬಿಡು."

ಹಿಂದೆಯೇ ಬಂದಿದ್ದ ಕ್ಯಾತಪ್ಪ ಮುಖ ತಿರುಗಿಸಿದ. "ದೇವ್ರಿಗೇ ಮೋಸ ಮಾಡ್ದೋನ್ನ ಡಾಕ್ಟ್ರು ಉಳಿಸ್ತಾರಾ?"

ಗಂಗಲಕ್ಷ್ಮಿಗೆ ಮೈಯೆಲ್ಲ ಉರಿದುಹೋಯಿತು. ಜಾರಿದರೆ ಬಾ ಎನ್ನುವವರು ಅಲ್ಲಿ ಆಸ್ಪತ್ರೆಯಲ್ಲಿ ಕಾದಿದ್ದಾರೆ. ಜಾರಿದೆಯಾ, ಸಾಯಿ ಎನ್ನುವವರು ಇಲ್ಲಿ ನಿಂತಿದ್ದಾರೆ! ಕುಕ್ಕರಗಾಲಲ್ಲಿ ಕೂತು ಗಂಡನ ಮುಂಗೈ ಎಳೆದುಕೊಂಡಳು. ದಾರವನ್ನು ಹಲ್ಲಿನಿಂದ ಕಡಿದು ತನ್ನ ಕೈಗೆ ಸುತ್ತಿಕೊಂಡಳು.

"ಅಯ್ಯೋ, ಪಾಪ ಸುತ್ಕೊಂತೈತೆ ಕಣಮ್ಮ!"

"ಸುತ್ಕೊಳ್ಳಿ ಬಿಡ್ರಿ, ಭಾವ." ಆಮೇಲೆ ಗಂಡನ ಕಡೆ ತಿರುಗಿದಳು. "ಇವತ್ತಿಂದ ಆಣೆ ನಂದು. ಅವ್ವ ಏನ್ ಕೇಳಿದ್ರೂ ನನ್ನೇ ಕೇಳ್ತಾಳೆ. ನೀನು ಮಾತ್ರೆ ನುಂಗು, ಅಷ್ಟೇ. ಏಳು, ಬಸ್ಸು ಬರೋ ಹೊತ್ತಾಯ್ತು."

ಚಂದ್ರಣ್ಣ ಬರಿದಾದ ಮುಂಗೈಯನ್ನು ಸ್ವಲ್ಪ ಹೊತ್ತು ನೋಡಿಕೊಂಡ. ಆಮೇಲೆ ಎಬ್ಬಿಸೆಂದು ಅದೇ ಕೈಯನ್ನು ಅವಳತ್ತ ಚಾಚಿದ.