ಮಡಿಲ ತುಂಬ ಮೊಗ್ಗು

ಹಡಗಲಿಯ ಆ ತಗಡಿನ ಚಾವಣಿಯ ಚರ್ಚಿನಲ್ಲಿ ಪ್ರಾರ್ಥನೆಯನ್ನು ಮೊಳದಲ್ಲಿ ಅಳೆಯುತ್ತಿದ್ದರು. ಭಾನುವಾರ ನಸುಕಿನಲ್ಲೇ ತೋಟದಲ್ಲಿ ಬಿಡಿಸಿದ ಮಲ್ಲಿಗೆ ಮೊಗ್ಗನ್ನು ಮಡಿಲಿಗೆ ಸುರಿದುಕೊಂಡೇ ಹೆಂಗಸರು ಚಾಪೆಯ ಮೇಲೆ ಕೂರುತ್ತಿದ್ದರು. ಹಾಡು, ವಾಕ್ಯ, ಪ್ರಾರ್ಥನೆ ನಡೆದಿರುವಾಗ ಬೆರಳುಗಳು ತಮ್ಮ ಪಾಡಿಗೆ ಮಾಲೆ ಕಟ್ಟುತ್ತಿದ್ದವು. ಆರಾಧನೆ ಮುಗಿದ ಕೂಡಲೇ ಹೊಸಪೇಟೆಯ ಬಸ್ಸು. ಅಷ್ಟರಲ್ಲಿ ಹೂವು ಬುಟ್ಟಿ ಸೇರಿರಬೇಕು. ಹಳೆಯ ಅಯ್ಯನವರು ಆಮೆನ್ ಹೇಳಿ ಕಣ್ಣು ತೆರೆದೊಡನೆ ಕೇಳುತ್ತಿದ್ದರು:

"ಗೀತಮ್ಮ, ಇವತ್ತಿನ ಪ್ರಾರ್ಥನಿ ಎಷ್ಟು ಮೊಳ ಆತು?"

"ಎರಡೂವರಿ ರೀ. ಹೋದ ವಾರ ಜಲ್ದಿ ಮುಗಿಸಿಬಿಟ್ಟಿದ್ರಿ."

ಅವರು ನಿವೃತ್ತರಾದ ಮೇಲೆ ಹರಪನಹಳ್ಳಿ ಕಡೆಯಿಂದ ಪಾಸ್ಟರ್ ಅಮರೇಶ್ ಬಂದರು. ಚಿಕ್ಕ ವಯಸ್ಸು, ಹೊಸದಾಗಿ ಮದುವೆಯಾದವರು. ಒಂದು ತಿಂಗಳು ಸುಮ್ಮನೆ ನೋಡಿದರು. ಆಮೇಲೆ ಒಂದು ಭಾನುವಾರ ಪ್ರಸಂಗದ ಕೊನೆಯಲ್ಲಿ ಹೇಳಿದರು: "ಆರಾಧನೆ ಅರ್ಧ ಮನಸ್ಸಿನ ಕೆಲಸ ಅಲ್ಲ. ದೇವರ ಮುಂದೆ ಕೈ ಖಾಲಿ ಇರಲಿ. ಮುಂದಿನ ವಾರದಿಂದ ಹೂವು ಮನೆಯಲ್ಲೇ ಬಿಟ್ಟು ಬರ್ರಿ."

ಉಳಿದವರ ಮನೆಗಳಲ್ಲಿ ಕಟ್ಟಲು ಅತ್ತೆಯೋ ಸೊಸೆಯೋ ಇದ್ದರು. ಗೀತಮ್ಮನಿಗೆ ತನ್ನ ಎರಡು ಕೈ ಬಿಟ್ಟರೆ ಬೇರೆ ಇರಲಿಲ್ಲ. ಗಂಡ ಹುಲುಗಣ್ಣ ಹೂವು ಮುಟ್ಟಿದರೆ ಮೊಗ್ಗು ಮುರಿಯುತ್ತಿತ್ತು.

ಮುಂದಿನ ಭಾನುವಾರ ಅವಳು ಮನೆಯ ಕಟ್ಟೆಯ ಮೇಲೆ ಕೂತು ಮಾಲೆ ಕಟ್ಟಿದಳು. ಎರಡು ಓಣಿ ಆಚೆಯಿಂದ ಹಾಡು ಕೇಳುತ್ತಿತ್ತು. ಇವಳೂ ಗುನುಗಿದಳು. ಗಾಳಿ ತಿರುಗಿದಾಗ ಅಲ್ಲಿನ ಹಾಡು ಕೇಳದಾಗಿ, ಇವಳು ಒಬ್ಬಳೇ ಒಂದು ಚರಣ ಮುಂದೆ ಹೋಗಿಬಿಟ್ಟಿದ್ದಳು.

"ಏನ್ಲೇ, ಗುಡಿ ಬಿಟ್ಟು ಚರ್ಚಿಗೆ ಹೋದಿ, ಈಗ ಚರ್ಚೂ ಬಿಟ್ಟಿಯೇನು?" ಪಕ್ಕದ ಮನೆಯ ಉಚ್ಚಂಗೆಮ್ಮ ನಕ್ಕಳು. "ನಿಮ್ಮ ದೇವರಿಗೆ ಮಲ್ಲಿಗಿ ವಾಸನಿ ಆಗಂಗಿಲ್ಲೇನು?"

"ದೇವರಿಗೆ ಆಕ್ಕತಿ. ಪಾಸ್ಟರಿಗೆ ಆಗವಲ್ದು."

"ಹಂಗಾರ ಮುಂದಿನ ವಾರ ನಾ ಕಟ್ತೀನಿ, ನೀ ಹೋಗು. ಭಾನುವಾರ ನೀ ಮನ್ಯಾಗಿದ್ರ ನಿನ್ನ ಮುಖ ನೋಡಾಕ ಆಗಂಗಿಲ್ಲ."

ಗೀತಮ್ಮ ಹೋದಳು. ಖಾಲಿ ಕೈಗಳನ್ನು ಜೋಡಿಸಿ ಕೂತಳು. ಆಗ ಗೊತ್ತಾಯಿತು, ಇಷ್ಟು ವರ್ಷ ಅವಳ ಮನಸ್ಸನ್ನು ಒಂದು ಕಡೆ ಕಟ್ಟಿ ಹಾಕಿದ್ದು ಆ ದಾರವೇ ಎಂದು. ಬೆರಳು ಸುಮ್ಮನಾದೊಡನೆ ಮನಸ್ಸು ಎದ್ದು ಹೊರಟಿತು. ಮೊದಲು ಉಪ್ಪಿನಕಾಯಿ ಜಾಡಿಗೆ, ಅಲ್ಲಿಂದ ನಾದಿನಿಯ ಹಳೆಯ ಮಾತಿಗೆ. ಪ್ರಸಂಗ ಮುಗಿದಾಗ ಅವಳಲ್ಲಿ ಒಂದು ವಾಕ್ಯವೂ ಉಳಿದಿರಲಿಲ್ಲ.

ಇನ್ನೊಂದು ಸಂಗತಿಯಿತ್ತು. ಅದನ್ನು ಅವಳು ಹುಲುಗಣ್ಣನಿಗೂ ಹೇಳಿರಲಿಲ್ಲ. ವಾರದ ದಿನಗಳಲ್ಲಿ ಹರಟುತ್ತ ಕಟ್ಟುತ್ತಿದ್ದಳು. ಭಾನುವಾರ ಮಾತ್ರ ದಾರದ ಒಂದೊಂದು ಗಂಟಿಗೂ ಒಳಗೇ ಒಂದು ಮಾತು ಹೇಳುತ್ತಿದ್ದಳು: ಇದನ್ನ ಮುಡಿಯೋಳು ಯಾರೋ ಏನೋ ತಂದೆ, ಆಕೀನ ತಣ್ಣಗಿಡು. ಮದುಮಗಳಿರಬಹುದು, ಗಂಡನೊಡನೆ ಜಗಳವಾಡಿ ಮುಖ ತೊಳೆದುಕೊಂಡವಳಿರಬಹುದು. ಆ ಮಾಲೆ ಯಾವುದೋ ಗುಡಿಗೆ ಹೋಗಬಹುದು, ಹೆಣದ ಮೇಲೂ ಬೀಳಬಹುದು. ಹೊಸಪೇಟೆಯ ಆಚೆಗೆ ಯಾವ ಊರನ್ನೂ ಕಾಣದ ಅವಳು ಆ ಒಂದು ಹೊತ್ತಿನಲ್ಲಿ ಎಷ್ಟೋ ಮನೆಗಳ ಒಳಗೆ ಹೋಗಿ ಬರುತ್ತಿದ್ದಳು. ಅದು ಹೋದರೆ ತನ್ನ ಪಾಲಿಗೆ ಭಾನುವಾರವೇ ಇಲ್ಲ ಎನಿಸಿತು.

ಮೂರನೆಯ ವಾರ ಬುಟ್ಟಿ ಹೊತ್ತು ಹೋದಳು. ಪಾಸ್ಟರ ಮಾತು ಮೀರಬಾರದು, ಆರಾಧನೆಯನ್ನೂ ಬಿಡಬಾರದು. ಹೊಸ್ತಿಲಾಚೆಯ ಮೆಟ್ಟಿಲ ಮೇಲೆ ಕೂತು ದಾರ ಬಿಚ್ಚಿದಳು. ಚಪ್ಪಲಿಗಳು ಅವಳ ಅಕ್ಕಪಕ್ಕ.

ಅಮರೇಶ್ ಬಾಗಿಲಿಗೆ ಬಂದರು. "ಇದೇನ್ರಿ ಗೀತಮ್ಮ, ಒಳಗೂ ಇಲ್ಲ, ಹೊರಗೂ ಇಲ್ಲ?"

"ಹೂವು ಒಳಗ ಬ್ಯಾಡ ಅಂದ್ರಲ್ರಿ. ಅದನ್ನ ಬಿಟ್ಟು ನಾ ಒಳಗ ಬಂದಿದ್ದೆ ಹೋದ ವಾರ. ಮನಸು ಒಳಗ ಬರಲಿಲ್ಲ."

"ಹೂವು ಕಟ್ಟುವಾಗ ಮನಸ್ಸು ಹೂವಿನ ಮೇಲೇ ಇರ್ತದಲ್ಲ?"

ಗೀತಮ್ಮ ತಲೆ ತಗ್ಗಿಸಿಯೇ ಹೇಳಿದಳು. "ಹೂವಿನ ಮ್ಯಾಲೆ ಅಲ್ರಿ. ಮುಡಿಯೋರ ಮ್ಯಾಲೆ. ಒಂದು ಗಂಟಿಗೆ ಒಬ್ಬರು. ಅವರನ್ನ ಚಂದ ಇಡಪ್ಪಾ ಅಂತೀನಿ. ಅದು ಆರಾಧನಿ ಹೌದೋ ಅಲ್ಲೋ ನನಗ ಗೊತ್ತಿಲ್ಲ. ನೀವಽ ಹೇಳ್ರಿ."

ಅಮರೇಶ್ ಒಳಗೆ ಹೋಗಿ ಹಾಡು ಶುರು ಮಾಡಿಸಿದರು, ಪ್ರಸಂಗಕ್ಕೆ ನಿಂತರು. ಕಣ್ಣು ಮಾತ್ರ ಮತ್ತೆ ಮತ್ತೆ ಬಾಗಿಲಿಗೆ ಹೋಗುತ್ತಿತ್ತು. ಅಷ್ಟರಲ್ಲಿ, ಬಾಗಿಲ ಬಳಿಯ ಮಾತು ಕೇಳಿಸಿಕೊಂಡಿದ್ದ ಅವರ ಹೆಂಡತಿ ಪುಷ್ಪಲತಾ ಮುಂದಿನ ಸಾಲಿನಿಂದ ಎದ್ದು, ಸೀದಾ ನಡೆದು ಮೆಟ್ಟಿಲ ಮೇಲೆ ಗೀತಮ್ಮನ ಪಕ್ಕ ಕೂತಳು.

"ನನಗೂ ಕಲಿಸ್ರಿ ಅಕ್ಕ," ಎಂದಳು ಪಿಸುದನಿಯಲ್ಲಿ. "ಒಂದು ಗಂಟಿಗೆ ಒಬ್ಬರು ಅಂದ್ರಲ್ಲ, ನಮ್ಮವ್ವನ ಹೆಸರಿಂದ ಶುರು ಮಾಡ್ತೀನಿ."

"ಅಮ್ಮಾರ, ಹಂಗ ಬಿಗಿದ್ರ ಮೊಗ್ಗಿನ ಕುತ್ತಿಗಿ ಹೋಕ್ಕತಿ!"

ಪುಷ್ಪಲತಾ ಬಾಯಿಗೆ ಸೆರಗು ಒತ್ತಿ ನಕ್ಕಳು. ಒಬ್ಬೊಬ್ಬರಾಗಿ ಉಳಿದ ಹೆಂಗಸರೂ ಮೆಟ್ಟಿಲಿಗೆ ಬಂದರು. ಅಮರೇಶ್ ಬೈಬಲಿನಿಂದ ತಲೆಯೆತ್ತಿದಾಗ ಅರ್ಧ ಚಾಪೆ ಖಾಲಿ, ಬಾಗಿಲು ಭರ್ತಿ. ಅವರಿಗೂ ನಗು ತಡೆಯಲಾಗಲಿಲ್ಲ.

"ಎಲ್ರೂ ಒಳಗೆ ಬರ್ರಿ," ಎಂದರು. "ಹೂವನ್ನೂ ತಗಂಡು ಬರ್ರಿ. ನಾನು ಚಪ್ಪಲಿಗಳಿಗೆ ಪ್ರಸಂಗ ಮಾಡಕಾಗಲ್ಲ."

ಕೊನೆಯ ಪ್ರಾರ್ಥನೆಯಲ್ಲಿ ಅವರು ಊರಿಗಾಗಿ, ಬೆಳೆಗಾಗಿ ಬೇಡಿಕೊಂಡರು. ಸ್ವಲ್ಪ ತಡೆದು, "ಈ ಹೂವನ್ನು ಯಾರು ಮುಡಿಯುತ್ತಾರೋ ಅವರು ಎಲ್ಲಿದ್ದರೂ ತಣ್ಣಗಿರಲಿ" ಎಂದರು. ಅಲ್ಲಿಗೇ ಆಮೆನ್ ಎಂದು ಕಣ್ಣು ತೆರೆದರು.

ಗೀತಮ್ಮನ ಕೈ ಇನ್ನೂ ಓಡುತ್ತಿತ್ತು. ಮಡಿಲಲ್ಲಿ ಮೊಗ್ಗು ಉಳಿದಿತ್ತು.

"ಅಯ್ಯನೋರ, ಅಮ್ಮಾರು ಹಾಕಿದ ಗಂಟೆಲ್ಲಾ ಬಿಚ್ಚಿ ಕಟ್ಟಬೇಕಾತು. ಹೂವು ಉಳದಾವ. ಇನ್ನೊಂದು ಮೊಳ ಪ್ರಾರ್ಥನಿ ಮಾಡ್ರಿ."

ಅಮರೇಶ್ ಮತ್ತೆ ಕಣ್ಣು ಮುಚ್ಚಿದರು.